ಮಕ್ಕಳ ಕ್ಯಾನ್ಸರ್: ಕಾಣದ ರೋಗ ಹೋದ ರೋಗವಲ್ಲ

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಹಿರಿಯರ ಕಡೆಗೆ ಹರಿಯುತ್ತದೆ. ಬೀಡಿ ಸೇದಿದವರು, ತಂಬಾಕು ಅಗಿದವರು, ಅರವತ್ತು ದಾಟಿದವರು ನಮ್ಮ ಕಣ್ಣ ಮುಂದೆ ಬರುತ್ತಾರೆ. ಐದಾರು ವರ್ಷದ ಮಗುವಿಗೂ ಈ ರೋಗ ತಗುಲಬಹುದೆಂಬುದು ಎಷ್ಟೋ ಮಂದಿ ವಿದ್ಯಾವಂತರಿಗೆ ಕೂಡ ತಿಳಿಯದು. ತಿಳಿದವರಲ್ಲಿ ಹಲವರು, 'ಬಂದಮೇಲೆ ಮುಗಿಯಿತು, ಮಗು ಉಳಿಯುವುದಿಲ್ಲ' ಎಂದು ನಂಬಿದ್ದಾರೆ. ಈ ಎರಡು ತಿಳಿವಳಿಕೆಗಳೂ ತಪ್ಪು. ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ. ಅವುಗಳಲ್ಲಿ ಬಹುಪಾಲು ಪೂರ್ಣ ಚಿಕಿತ್ಸೆಯಿಂದ ಗುಣವಾಗುತ್ತವೆ. 'ಪೂರ್ಣ' ಎಂಬ ಆ ಒಂದು ಶಬ್ದದ ಮಹತ್ತ್ವವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಾನು ಕ್ಯಾನ್ಸರ್ ತಜ್ಞನಲ್ಲ. ಮುಂಬಯಿಯ ಉಪನಗರವೊಂದರಲ್ಲಿ ಮೂರೂವರೆ ದಶಕ ಸಾಮಾನ್ಯ ವೈದ್ಯನಾಗಿದ್ದವನು. 2011ರ ಮಳೆಗಾಲದಲ್ಲಿ, ನಮ್ಮ ಕಟ್ಟಡದ ಹಿರಿಯರೊಬ್ಬರನ್ನು ನೋಡಲೆಂದು ನಗರದ ಒಂದು ಆಸ್ಪತ್ರೆಗೆ ಹೋಗಿದ್ದೆ. ಜೊತೆಯಲ್ಲಿ ಬಂದವರೊಡನೆ ಕನ್ನಡದಲ್ಲಿ ಮಾತನಾಡುತ್ತ ಮೆಟ್ಟಿಲಿಳಿಯುವಾಗ ಹಿಂದಿನಿಂದ ಯಾರೋ ಕರೆದಂತಾಯಿತು. ತಲೆಗೆ ಟವೆಲು ಸುತ್ತಿದ್ದ ಮೂವತ್ತರ ಹರೆಯದ ಮನುಷ್ಯ. ಕೈಯಲ್ಲಿ ಮಾಸಿದ ಕಡತ.

"ಸಾಹೇಬ್ರ, ನೀವು ಕನ್ನಡದವ್ರೇನ್ರಿ? ಇದರಾಗ ಏನ್ ಬರದಾರ, ಒಂದೀಟು ಓದಿ ಹೇಳ್ರಿ" ಎಂದ.

ಸಿಂದಗಿ ತಾಲ್ಲೂಕಿನ ಒಕ್ಕಲಿಗ. ಆರು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್. ಹಿಂದಿನ ನವೆಂಬರಿನಲ್ಲಿ ಅದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಆರಂಭವಾಗಿತ್ತು. ಕಡತವನ್ನು ತಿರುವಿದೆ. ಮೊದಲ ಹಂತದ ಔಷಧಕ್ಕೆ ಹುಡುಗ ಚೆನ್ನಾಗಿ ಸ್ಪಂದಿಸಿದ್ದ. ಎರಡನೆಯ ಹಂತಕ್ಕೆ ಬರಬೇಕಾದ ದಿನಾಂಕವನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದು ಕೆಳಗೆ ಗೆರೆ ಎಳೆದಿದ್ದರು. ಅದರ ನಂತರದ ಹಾಳೆ ಏಳು ತಿಂಗಳ ತರುವಾಯದ್ದು.

ನಡುವೆ ಏಕೆ ಬರಲಿಲ್ಲವೆಂದು ಕೇಳಿದೆ. ಆತ ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ: "ತಿಂಗಳ ಮ್ಯಾಲ ಡಾಕ್ಟರ್ ಬಾಯಾರು, ಬೀಮಾರಿ ಈಗ ಕಾಣಸೂದಿಲ್ಲ ಅಂತ ಹಿಂದಿಯೊಳಗ ಹೇಳಿದ್ರು. ಕಾಣದಿದ್ರ ಹೋತಲ್ರಿ? ಹುಡುಗ ರೊಟ್ಟಿ ತಿನ್ನಾಕ ಹತ್ತಿದ್ದ, ಆಡಾಕ ಹತ್ತಿದ್ದ. ತೊಗರಿ ರಾಶಿ ಬ್ಯಾರೆ ಬಂದಿತ್ತು. ಊರಿಗೆ ಹೋದ್ವಿ."

ವೈದ್ಯರು ಸುಳ್ಳು ಹೇಳಿರಲಿಲ್ಲ. ತಂದೆ ಉದಾಸೀನ ಮಾಡಿರಲಿಲ್ಲ. ಹೇಳಿದ ಮಾತಿಗೂ ಕೇಳಿಸಿಕೊಂಡ ಮಾತಿಗೂ ನಡುವೆ ಒಂದು ಭಾಷೆಯ ಅಂತರವಿತ್ತು, ಅಷ್ಟೆ. ರೋಗ ಮರುಕಳಿಸಿತ್ತು. ಆ ಬಾರಿ ಔಷಧಗಳು ಹಿಂದಿನಂತೆ ನಾಟಲಿಲ್ಲ. ಹುಡುಗ ಆ ವರ್ಷದ ದೀಪಾವಳಿಯನ್ನು ಕಾಣಲಿಲ್ಲ.

ಆ ಆಸ್ಪತ್ರೆಯಿಂದ ಒಂದೆರಡು ಮೈಲಿಯ ಸುತ್ತಳತೆಯಲ್ಲಿ ಕನ್ನಡ ಬಲ್ಲವರು ಸಾವಿರಾರು ಮಂದಿ ಇದ್ದೇವೆ. ನಾವು ನಾಟಕವಾಡುತ್ತೇವೆ, ರಾಜ್ಯೋತ್ಸವ ಮಾಡುತ್ತೇವೆ, ಇಂಥ ಸ್ಮರಣ ಸಂಚಿಕೆಗಳನ್ನು ಹೊರತರುತ್ತೇವೆ. ಆ ತಂದೆಗೆ ಬೇಕಾಗಿದ್ದದ್ದು ಹತ್ತು ನಿಮಿಷದ ಕನ್ನಡ. ಅದು ಸಿಗಲಿಲ್ಲ.

ರೋಗದ ಸ್ವರೂಪ

ನಮ್ಮ ದೇಹದ ಜೀವಕೋಶಗಳು ಒಂದು ನಿಯಮಕ್ಕೆ ಒಳಪಟ್ಟು ಹುಟ್ಟುತ್ತವೆ, ಬೆಳೆಯುತ್ತವೆ, ಸಾಯುತ್ತವೆ. ಯಾವುದೋ ಒಂದು ಕೋಶ ಈ ನಿಯಮವನ್ನು ಮೀರಿ ಮಿತಿಯಿಲ್ಲದೆ ವೃದ್ಧಿಸತೊಡಗಿದಾಗ ಕ್ಯಾನ್ಸರ್ ಉಂಟಾಗುತ್ತದೆ. ಹಿಂದಿನವರು ಇದನ್ನು ಅರ್ಬುದವೆಂದೂ ಏಡಿಗಂತಿಯೆಂದೂ ಕರೆದರು. ದೊಡ್ಡವರಲ್ಲಿ ಇದು ಬಹುಮಟ್ಟಿಗೆ ದೀರ್ಘಕಾಲದ ತಂಬಾಕು, ಮದ್ಯ, ಸೋಂಕು, ವಯಸ್ಸು ಮೊದಲಾದ ಕಾರಣಗಳಿಗೆ ತಳುಕು ಹಾಕಿಕೊಂಡಿದೆ. ಮಕ್ಕಳಲ್ಲಿ ಹಾಗಲ್ಲ. ಹೆಚ್ಚಿನ ಮಕ್ಕಳಲ್ಲಿ ಕಾರಣವೇನೆಂದು ವಿಜ್ಞಾನ ಇನ್ನೂ ಖಚಿತವಾಗಿ ಹೇಳಲಾರದು. ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ ವಂಶವಾಹಿಗಳ ಮೂಲಕ ಬಂದ ಒಲವು ಕಾಣುತ್ತದೆ.

ಆದುದರಿಂದ ತಾಯಿ ಬಸುರಿನಲ್ಲಿ ಏನನ್ನೋ ತಿಂದಳೆಂದು, ಗ್ರಹಣ ನೋಡಿದಳೆಂದು, ಮನೆಯವರ ಕರ್ಮವೆಂದು ದೂರುವುದಕ್ಕೆ ಯಾವ ಆಧಾರವೂ ಇಲ್ಲ. ಇದು ಅಂಟುರೋಗವೂ ಅಲ್ಲ. ರೋಗಿಯಾದ ಮಗುವಿನ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ, ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತರೆ ಮತ್ತೊಬ್ಬರಿಗೆ ಬರುವುದಿಲ್ಲ. ನಿಜದಲ್ಲಿ ಭಯ ಎದುರು ದಿಕ್ಕಿನದು. ಚಿಕಿತ್ಸೆಯಲ್ಲಿರುವ ಮಗುವಿಗೆ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ನಮ್ಮ ನೆಗಡಿ-ಕೆಮ್ಮು ಆ ಮಗುವಿಗೆ ಅಪಾಯಕಾರಿ.

ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರ್, ಅಂದರೆ ಲ್ಯೂಕೀಮಿಯ. ಅದರಲ್ಲಿಯೂ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ತೀವ್ರರೂಪದ ರೋಗವೇ ಪ್ರಧಾನ. ಆ ಬಳಿಕ ಮಿದುಳಿನ ಗಡ್ಡೆಗಳು, ದುಗ್ಧಗ್ರಂಥಿಗಳ ಕ್ಯಾನ್ಸರ್, ಮೂತ್ರಪಿಂಡದ ವಿಲ್ಮ್ಸ್ ಗಡ್ಡೆ, ಕಣ್ಣಿನ ಅಕ್ಷಿಪಟದ ರೆಟಿನೋಬ್ಲಾಸ್ಟೋಮ, ಎಲುಬಿನ ಗಡ್ಡೆಗಳು ಬರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ತಗಲುತ್ತದೆ. ಶ್ರೀಮಂತ ದೇಶಗಳಲ್ಲಿ ಅವರ ಪೈಕಿ 100ಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣ ಹೊಂದುತ್ತಾರೆ. ಅನೇಕ ಬಡ ರಾಷ್ಟ್ರಗಳಲ್ಲಿ ಈ ಸಂಖ್ಯೆ 30ಕ್ಕಿಂತ ಕಡಿಮೆ. ರೋಗ ಅದೇ, ಔಷಧಗಳೂ ಬಹುತೇಕ ಅವೇ. ಈ ಅಂತರವನ್ನು ಕಡಮೆ ಮಾಡಲೆಂದೇ ಆ ಸಂಸ್ಥೆ 2018ರಲ್ಲಿ ಒಂದು ಕಾರ್ಯಕ್ರಮವನ್ನು ಆರಂಭಿಸಿ, 2030ರ ಹೊತ್ತಿಗೆ 100ಕ್ಕೆ 60 ಮಕ್ಕಳಾದರೂ ಬದುಕುಳಿಯಬೇಕೆಂಬ ಗುರಿಯನ್ನಿಟ್ಟುಕೊಂಡಿದೆ.

ಎಚ್ಚರ ವಹಿಸಬೇಕಾದ ಚಿಹ್ನೆಗಳು

ದೊಡ್ಡವರ ಕೆಲವು ಕ್ಯಾನ್ಸರುಗಳನ್ನು ಬರದಂತೆ ತಡೆಯಬಹುದು. ಮಕ್ಕಳ ಕ್ಯಾನ್ಸರನ್ನು ತಡೆಯುವ ಉಪಾಯ ಹೆಚ್ಚಿನಂಶ ಇಲ್ಲ. ಬೇಗ ಗುರುತಿಸುವುದೊಂದೇ ನಮ್ಮ ಕೈಯಲ್ಲಿದೆ. ಈ ಕೆಳಗಿನ ಚಿಹ್ನೆಗಳನ್ನು ಪ್ರತಿಯೊಬ್ಬ ತಾಯಿ-ತಂದೆಯೂ, ಅಜ್ಜಿಯೂ, ಶಾಲಾ ಶಿಕ್ಷಕರೂ ನೆನಪಿನಲ್ಲಿಡಬೇಕು.

ಒಂದು: ಕಾರಣ ತಿಳಿಯದೆ ವಾರಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ದಿನೇ ದಿನೇ ಬಿಳಿಚಿಕೊಳ್ಳುವ ಮುಖ, ಆಟದಲ್ಲಿ ನಿರಾಸಕ್ತಿ.

ಎರಡು: ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆಗಳು, ಚರ್ಮದ ಮೇಲೆ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆಗಳು, ಮೂಗು-ವಸಡಿನಿಂದ ರಕ್ತ.

ಮೂರು: ಕೈಕಾಲು, ಬೆನ್ನುಗಳ ಎಲುಬಿನಲ್ಲಿ ನೋವು, ಅದರಲ್ಲೂ ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ನಡೆಯುತ್ತಿದ್ದ ಮಗು ಕುಂಟುವುದು ಅಥವಾ ಎತ್ತಿಕೊಳ್ಳೆಂದು ಹಟ ಹಿಡಿಯುವುದು.

ನಾಲ್ಕು: ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ನೋವಿಲ್ಲದೆ ಬೆಳೆಯುವ ಗಂಟು. ನಮ್ಮ ದೇಶದಲ್ಲಿ ಇಂಥ ಗಂಟುಗಳನ್ನು ಪರೀಕ್ಷೆಯಿಲ್ಲದೆಯೇ ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಔಷಧ ಕೊಡುವುದುಂಟು.

ಐದು: ಹೊಟ್ಟೆಯಲ್ಲಿ ಗಡ್ಡೆ. ಇದನ್ನು ಮೊದಲು ಕಾಣುವವರು ಎಷ್ಟೋ ವೇಳೆ ವೈದ್ಯರಲ್ಲ, ಮಗುವಿಗೆ ಎಣ್ಣೆ ಹಚ್ಚಿ ಎರೆಯುವ ತಾಯಿ ಅಥವಾ ಅಜ್ಜಿ. ಅಂಥ ಗಡ್ಡೆಯನ್ನು ಮತ್ತೆ ಮತ್ತೆ ಒತ್ತಿ ನೋಡಬಾರದು. ತಿಕ್ಕಿಸುವುದು, ಉಜ್ಜಿಸುವುದು ಸರ್ವಥಾ ಕೂಡದು.

ಆರು: ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು, ಬೆಕ್ಕಿನ ಕಣ್ಣಿನಂಥ ಮಿಂಚು, ಹೊಸದಾಗಿ ಕಾಣಿಸಿಕೊಂಡ ಮೆಳ್ಳಗಣ್ಣು. ಫ್ಲ್ಯಾಶ್ ಬಳಸಿ ತೆಗೆದ ಛಾಯಾಚಿತ್ರದಲ್ಲಿ ಒಂದು ಕಣ್ಣು ಕೆಂಪಾಗಿಯೂ ಮತ್ತೊಂದು ಬೆಳ್ಳಗೂ ಕಂಡರೆ ತಡಮಾಡದೆ ನೇತ್ರತಜ್ಞರಲ್ಲಿಗೆ ಹೋಗಬೇಕು. ಹೊತ್ತಿಗೆ ಸರಿಯಾಗಿ ಹೋದರೆ ಪ್ರಾಣವಷ್ಟೇ ಅಲ್ಲ, ಎಷ್ಟೋ ವೇಳೆ ಕಣ್ಣೂ ಉಳಿಯುತ್ತದೆ.

ಏಳು: ಬೆಳಗಿನ ಹೊತ್ತು ತಲೆನೋವು ಮತ್ತು ವಾಂತಿ, ನಡಿಗೆಯಲ್ಲಿ ತೂರಾಟ.

ಇವುಗಳಲ್ಲಿ ಯಾವುದೊಂದು ಕಂಡರೂ ಕ್ಯಾನ್ಸರೇ ಎಂದು ಎದೆಗುಂದಬೇಕಾಗಿಲ್ಲ. ನೂರು ಮಕ್ಕಳ ಜ್ವರದಲ್ಲಿ ತೊಂಬತ್ತೊಂಬತ್ತು ಸಾಮಾನ್ಯ ಜ್ವರವೇ. ಆದರೆ ಎರಡು ವಾರ ಕಳೆದರೂ ಹೋಗದ ಚಿಹ್ನೆಗೆ, ಒಂದೇ ಔಷಧವನ್ನು ಮೂರನೆಯ ಬಾರಿ ಬರೆಸಿಕೊಳ್ಳುವ ಮೊದಲು, ಒಂದು ರಕ್ತಪರೀಕ್ಷೆ ಮಾಡಿಸಬೇಕು. ಈ ಮಾತನ್ನು ನನ್ನಂಥ ಸಾಮಾನ್ಯ ವೈದ್ಯರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಮದ್ದು ಬಂದ ದಾರಿ

1940ರ ದಶಕದ ವರೆಗೆ ಮಕ್ಕಳ ರಕ್ತಕ್ಯಾನ್ಸರಿಗೆ ಔಷಧವೆಂಬುದೇ ಇರಲಿಲ್ಲ. ರೋಗ ಪತ್ತೆಯಾದ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಮಗು ತೀರಿಹೋಗುತ್ತಿತ್ತು. ಅಮೆರಿಕದ ಬಾಸ್ಟನ್ ನಗರದ ಡಾ. ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧವನ್ನು 16 ಮಕ್ಕಳಿಗೆ ಕೊಟ್ಟು, ಅವರಲ್ಲಿ 10 ಮಂದಿಯಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದುದನ್ನು 1948ರಲ್ಲಿ ಪ್ರಕಟಿಸಿದರು. ಆ ಔಷಧ ಸಿದ್ಧವಾದದ್ದು ಲೆಡರ್ಲಿ ಪ್ರಯೋಗಾಲಯದಲ್ಲಿ, ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ. ಭಾರತೀಯರಾದ ನಾವು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಅದು. ಆ ಔಷಧದ ಸೋದರಸಮಾನವಾದ ಮೆಥೋಟ್ರೆಕ್ಸೇಟ್ ಇಂದಿಗೂ ಈ ರೋಗದ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ.

ಮತ್ತೊಂದು ಔಷಧ ನಮ್ಮ ಅಂಗಳದ್ದೇ. ಊರಿನಲ್ಲಿ ಕಾಶಿಕಣಗಿಲೆಯೆಂದೂ ಇಲ್ಲಿ ಮರಾಠಿಯಲ್ಲಿ ಸದಾಫುಲಿಯೆಂದೂ ಕರೆಯುವ, ಮುಂಬಯಿಯ ಚಾಳುಗಳ ಗ್ಯಾಲರಿಯಲ್ಲಿ ಡಬ್ಬಿಗಳಲ್ಲಿಯೂ ಬೆಳೆಯುವ ಗಿಡದಿಂದ ವಿನ್‌ಕ್ರಿಸ್ಟಿನ್ ದೊರೆಯಿತು. ಹಾಗೆಂದು ಆ ಗಿಡದ ಎಲೆಯನ್ನು ಅರೆದು ಕುಡಿಸುವ ಸಾಹಸ ಯಾರೂ ಮಾಡಬಾರದು, ಅದು ವಿಷ. ಅಪಾರ ಪ್ರಮಾಣದ ಎಲೆಗಳಿಂದ ಶುದ್ಧೀಕರಿಸಿ, ಮಿಲಿಗ್ರಾಮಿನ ಲೆಕ್ಕದಲ್ಲಿ ತೂಗಿ, ರಕ್ತನಾಳದಲ್ಲಿ ಕೊಟ್ಟಾಗ ಮಾತ್ರ ಅದು ಔಷಧ.

ನಮ್ಮ ದೇಶದ ಮಟ್ಟಿಗೆ 1984 ಮುಖ್ಯವಾದ ವರ್ಷ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ಇಯಾನ್ ಮಗ್ರಾತ್ ಅವರ ಸಹಯೋಗದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಹಾಗೂ ಚೆನ್ನೈಯ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಗಳು ರಕ್ತಕ್ಯಾನ್ಸರಿನ ಮಕ್ಕಳಿಗೆ ಒಂದೇ ಕ್ರಮದ ಚಿಕಿತ್ಸೆಯನ್ನು ಆರಂಭಿಸಿದವು. ಎಂ.ಸಿ.ಪಿ. 841 ಎಂದು ಅದರ ಹೆಸರು. ಅದಕ್ಕೆ ಮೊದಲು ಹತ್ತು ಮಕ್ಕಳಲ್ಲಿ ಸುಮಾರು ಇಬ್ಬರು ಉಳಿಯುತ್ತಿದ್ದರೆ, ಅನಂತರ ನಾಲ್ಕರಿಂದ ಆರು ಮಂದಿ ಉಳಿಯತೊಡಗಿದರು. ಆಗ ಚಿಕಿತ್ಸೆ ಪಡೆದ ಮಕ್ಕಳು ಇಂದು ಮಧ್ಯವಯಸ್ಕರು. ಹಲವರಿಗೆ ಮದುವೆಯಾಗಿ ಮಕ್ಕಳಿವೆ. ಹೀಗೆ ಬದುಕಿ ಬಂದವರದೇ 'ಉಗಮ್' ಎಂಬ ಬಳಗವನ್ನು ಭಾರತೀಯ ಕ್ಯಾನ್ಸರ್ ಸೊಸೈಟಿ 2009ರಲ್ಲಿ ಕಟ್ಟಿದೆ.

ಪರೇಲಿನ ಆ ಆಸ್ಪತ್ರೆಯ ಹುಟ್ಟಿನ ಹಿಂದೆಯೂ ರಕ್ತಕ್ಯಾನ್ಸರಿನ ದುಃಖವಿದೆ. ಸರ್ ದೊರಾಬ್‌ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿಯವರು 1931ರಲ್ಲಿ ಇದೇ ರೋಗದಿಂದ ತೀರಿಕೊಂಡರು. ಟಾಟಾ ವಿಶ್ವಸ್ತ ನಿಧಿ ಕಟ್ಟಿಸಿದ ಆಸ್ಪತ್ರೆ 1941ರ ಫೆಬ್ರವರಿ 28ರಂದು ಬಾಗಿಲು ತೆರೆಯಿತು. 1962ರಿಂದ ಅದು ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ.

ಲಕ್ಷ ಕೋಟಿಯ ಲೆಕ್ಕ

ಇನ್ನು ಆ ತಂದೆಯ ಪ್ರಶ್ನೆಗೆ ಬರೋಣ. ಕಾಣದಿದ್ದರೆ ಹೋದಂತಲ್ಲವೇ?

ರೋಗ ಪತ್ತೆಯಾಗುವ ವೇಳೆಗೆ ಮಗುವಿನ ಶರೀರದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿರುತ್ತವೆ. ಮೊದಲ ನಾಲ್ಕೈದು ವಾರಗಳ ಔಷಧದಿಂದ ಅವುಗಳಲ್ಲಿ ಬಹುತೇಕ ನಾಶವಾಗುತ್ತವೆ. ಮಗುವಿನ ಮುಖಕ್ಕೆ ರಕ್ತ ಬರುತ್ತದೆ, ಹಸಿವಾಗುತ್ತದೆ. ಅಸ್ಥಿಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಕ್ಯಾನ್ಸರ್ ಕಾಣುವುದಿಲ್ಲ. ವೈದ್ಯರು 'ರೆಮಿಷನ್' ಎನ್ನುವುದು ಈ ಸ್ಥಿತಿಗೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಈ ಸ್ಥಿತಿಯನ್ನು ಮುಟ್ಟುತ್ತಾರೆ. ಆದರೆ ಆಗಲೂ ಶರೀರದಲ್ಲಿ ಸಾವಿರ ಕೋಟಿಯಷ್ಟು ಕೋಶಗಳು ಅಡಗಿರಬಹುದು. ಸೂಕ್ಷ್ಮದರ್ಶಕದ ಕಣ್ಣಿಗೆ ಅವು ಬೀಳುವಷ್ಟಿಲ್ಲ, ಅಷ್ಟೆ. ಹತ್ತು ಸಾವಿರ ಕೋಶಗಳಲ್ಲಿ ಒಂದಿದ್ದರೂ ಹಿಡಿಯಬಲ್ಲ ಹೊಸ ಪರೀಕ್ಷೆಗಳು ಈಗ ಬಂದಿವೆ. ಅವುಗಳ ಕಣ್ಣಿಗೂ ಬೀಳದ ಕೋಶಗಳಿರುತ್ತವೆ.

ಹೊಲದಲ್ಲಿ ಕರಿಕೆಯನ್ನು ಮೇಲಿಂದ ಕಿತ್ತು ಹಾಕಿದರೆ ನೆಲ ಹಸನಾಗಿ ಕಾಣುತ್ತದೆ. ಬೇರು ಒಳಗೆ ಉಳಿದಿದ್ದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಒಕ್ಕಲುತನದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಕ್ತಕ್ಯಾನ್ಸರಿನ ಎರಡನೆಯ, ಮೂರನೆಯ ಹಂತದ ಔಷಧಗಳು, ಮಿದುಳಿನಲ್ಲಿ ಕೋಶಗಳು ಅವಿತುಕೊಳ್ಳದಂತೆ ಬೆನ್ನುಹುರಿಯ ದ್ರವದಲ್ಲಿ ಕೊಡುವ ಚುಚ್ಚುಮದ್ದು, ಆ ಮೇಲೆ ಸುಮಾರು ಎರಡು ವರ್ಷ ನುಂಗುವ ಗುಳಿಗೆಗಳು, ಇವೆಲ್ಲ ಬೇರು ಕೀಳುವ ಕೆಲಸ. ಒಟ್ಟು ಚಿಕಿತ್ಸೆ ಎರಡೂವರೆ ವರ್ಷದಿಂದ ಮೂರು ವರ್ಷ ಹಿಡಿಯುತ್ತದೆ. ಆ ತಂದೆಗೆ ಈ ಹೋಲಿಕೆಯನ್ನು ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ ಆತ ತೊಗರಿ ರಾಶಿಗೆ ಹೋಗುತ್ತಿರಲಿಲ್ಲ.

ಚಿಕಿತ್ಸೆ ನಿಲ್ಲುವುದೇಕೆ?

ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ನಮ್ಮಂಥ ದೇಶಗಳಲ್ಲಿ ಮಕ್ಕಳ ಸಾವಿಗೆ ದೊಡ್ಡ ಕಾರಣವೆಂದು ವೈದ್ಯರು ಬಹುಕಾಲದಿಂದ ಹೇಳುತ್ತಿದ್ದಾರೆ. ಔಷಧದ ಖರ್ಚು ಒಂದೇ ಇದಕ್ಕೆ ಕಾರಣವಲ್ಲ. ಮಗುವಿನೊಂದಿಗೆ ತಂದೆ-ತಾಯಿ ಇಬ್ಬರೂ ಬಂದರೆ ಕೂಲಿ ನಿಲ್ಲುತ್ತದೆ. ಊರಿನಲ್ಲಿ ಉಳಿದ ಮಕ್ಕಳನ್ನು ನೋಡುವವರಿರುವುದಿಲ್ಲ. ಈ ನಗರದಲ್ಲಿ ತಿಂಗಳುಗಟ್ಟಲೆ ನಿಲ್ಲಲು ನೆಲೆಯಿರುವುದಿಲ್ಲ. ಆಸ್ಪತ್ರೆಯ ಎದುರಿನ ಕಾಲುದಾರಿಯ ಮೇಲೆ ಪ್ಲಾಸ್ಟಿಕ್ ಹೊದಿಸಿಕೊಂಡು ಮಳೆಗಾಲ ಕಳೆದ ಕುಟುಂಬಗಳನ್ನು ಪರೇಲ್ ಕಡೆಗೆ ಓಡಾಡುವ ನಾವೆಲ್ಲರೂ ಕಂಡಿದ್ದೇವೆ. ರೋಗನಿರೋಧಕ ಶಕ್ತಿ ಇಲ್ಲದ ಮಗು ಅಲ್ಲಿ ಮಲಗಿದರೆ ಕ್ಯಾನ್ಸರಿಗಿಂತ ಮೊದಲು ಸೋಂಕು ಅದನ್ನು ಒಯ್ಯುತ್ತದೆ.

ಮತ್ತೊಂದು ಕಾರಣವನ್ನು ಹೇಳಲು ನಾಚಿಕೆಯಾಗುತ್ತದೆ. ಚಿಕಿತ್ಸೆಗೆ ಬರುವ ಮಕ್ಕಳಲ್ಲಿ ಗಂಡುಮಕ್ಕಳ ಸಂಖ್ಯೆ ಇರಬೇಕಾದುದಕ್ಕಿಂತ ಹೆಚ್ಚು, ಹೆಣ್ಣುಮಕ್ಕಳದು ಕಡಮೆ ಎಂಬುದನ್ನು ನಮ್ಮ ದೇಶದ ಆಸ್ಪತ್ರೆಗಳು ಗಮನಿಸಿವೆ. ರೋಗ ಹೆಣ್ಣುಮಕ್ಕಳನ್ನು ಬಿಟ್ಟಿಲ್ಲ. ನಾವು ಅವರನ್ನು ಆಸ್ಪತ್ರೆಯ ವರೆಗೆ ತರುತ್ತಿಲ್ಲ.

ಆದರೆ ಈ ಸ್ಥಿತಿ ಬದಲಾಗಬಲ್ಲದು. ಟಾಟಾ ಸ್ಮಾರಕ ಆಸ್ಪತ್ರೆಯ ಮಕ್ಕಳ ವಿಭಾಗ ಇಂಪ್ಯಾಕ್ಟ್ ಎಂಬ ತನ್ನ ನಿಧಿಯ ಮೂಲಕ ಹಣದ ಜೊತೆಗೆ ವಸತಿ, ಆಹಾರ, ಸಮಾಲೋಚನೆ, ಬಾರದವರಿಗೆ ದೂರವಾಣಿ ಕರೆ ಇವೆಲ್ಲವನ್ನೂ ಒದಗಿಸತೊಡಗಿದ ಮೇಲೆ, ಐವರಲ್ಲಿ ಒಬ್ಬರಂತೆ ಚಿಕಿತ್ಸೆ ಬಿಡುತ್ತಿದ್ದ ಪ್ರಮಾಣ 100ಕ್ಕೆ 5ಕ್ಕಿಂತ ಕೆಳಗಿಳಿಯಿತು. ಹೊಸ ಔಷಧವೊಂದೂ ಇಲ್ಲದೆ ಇಷ್ಟು ಮಕ್ಕಳು ಚಿಕಿತ್ಸೆಯಲ್ಲಿ ಉಳಿದರು. 2006ರಲ್ಲಿ ಈ ನಗರದಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಕೇಂದ್ರಗಳು ಹೊರಊರಿನ ಮಕ್ಕಳಿಗೆ ಪೋಷಕರೊಂದಿಗೆ ಉಚಿತ ವಸತಿ ನೀಡುತ್ತಿವೆ. ದಾದರಿನ ಸಂತ ಗಾಡಗೆ ಮಹಾರಾಜ ಧರ್ಮಶಾಲೆ ಕ್ಯಾನ್ಸರ್ ರೋಗಿಗಳಿಗೂ ಅವರ ಬಂಧುಗಳಿಗೂ ಆಶ್ರಯ ಕೊಡುತ್ತಿದೆ.

ನಾವು ಮಾಡಬಹುದಾದ ಕೆಲಸ

ಮೊದಲನೆಯದು ಭಾಷೆ. ಆ ಹುಡುಗನ ಸಾವಿನ ಬಳಿಕ ನಮ್ಮ ಕೆಲವು ಮಿತ್ರರು ಸೇರಿ ಒಂದು ಚಿಕ್ಕ ಏರ್ಪಾಡು ಮಾಡಿಕೊಂಡೆವು. ಕನ್ನಡ ಮಾತ್ರ ಬಲ್ಲ ಕುಟುಂಬ ಬಂದಾಗ ಆಸ್ಪತ್ರೆಯವರು ಕರೆದರೆ ಒಬ್ಬರು ಹೋಗುವುದು. ಹೋಗಲಾಗದಿದ್ದರೆ ದೂರವಾಣಿಯಲ್ಲಿ ಮಾತನಾಡುವುದು. ಒಮ್ಮೆ ಡೊಂಬಿವಲಿಯ ನಮ್ಮ ಗೃಹಿಣಿಯೊಬ್ಬರು ಕಲಬುರಗಿ ಕಡೆಯ ತಾಯಿಯೊಬ್ಬಳಿಗೆ ಗುಳಿಗೆಗಳ ವಿವರ ಹೇಳುತ್ತಿದ್ದರು. ಹೇಳಿ ಮುಗಿಸಿ, "ಈಗ ನೀನೇ ನನಗೆ ಹೇಳವ್ವಾ, ಯಾವ ಗುಳಿಗೆ ಯಾವಾಗ?" ಎಂದು ಕೇಳಿದರು. ಆ ತಾಯಿ ಮೆಥೋಟ್ರೆಕ್ಸೇಟ್ ಗುಳಿಗೆಯನ್ನು ದಿನವೂ ಕೊಡಬೇಕೆಂದು ತಿಳಿದಿದ್ದಳು. ಅದು ವಾರಕ್ಕೊಮ್ಮೆ ಕೊಡುವ ಔಷಧ. ದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. 'ಹಫ್ತೇ ಮೇ ಏಕ್ ಬಾರ್' ಎಂದು ಆಕೆಗೆ ಸರಿಯಾಗಿಯೇ ಹೇಳಿದ್ದರು. ಆದರೆ ಹಪ್ತೆಯೆಂದರೆ ಆಕೆಗೆ ಗೊತ್ತಿದ್ದುದು ಸೊಸಾಯಿಟಿ ಸಾಲದ ಕಂತು ಮಾತ್ರ. "ಸೋಮವಾರ ಮಾತ್ರ ಕೊಡಬೇಕು" ಎಂಬ ಮೂರು ಕನ್ನಡ ಶಬ್ದಗಳಿಂದ ಆ ಕೆಲಸ ಆಯಿತು. ಆ ಮಗುವಿನ ಚಿಕಿತ್ಸೆ ಮುಗಿದಿದೆ. ಅವಳು ಈಗ ಊರಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಾಳೆ.

ಈ ಸೇವೆಗೆ ವೈದ್ಯಜ್ಞಾನ ಬೇಡ. ಒಂದೆರಡು ಶಿಸ್ತು ಬೇಕು. ವೈದ್ಯರು ಹೇಳಿದುದಕ್ಕೆ ಏನನ್ನೂ ಸೇರಿಸಬಾರದು, ಕನಿಕರದಿಂದ ಏನನ್ನೂ ಬಿಡಬಾರದು. ಕೇಳಿದವರಿಂದ ಮತ್ತೆ ಹೇಳಿಸಬೇಕು. ಮುಂದಿನ ದಿನಾಂಕವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದುಕೊಡಬೇಕು. 'ನಮ್ಮ ಕಡೆ ಒಬ್ಬರು ಬೇರಿನ ಔಷಧ ಕೊಡುತ್ತಾರೆ' ಎಂಬಂಥ ಸಲಹೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಳ್ಳಬೇಕು.

ಎರಡನೆಯದು ರಕ್ತ. ಚಿಕಿತ್ಸೆಯ ಕಾಲದಲ್ಲಿ ಮಗುವಿಗೆ ಕೆಂಪು ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಪದೇ ಪದೇ ಬೇಕಾಗುತ್ತವೆ. ಕೆಂಪು ಕಣಗಳನ್ನು ಐದಾರು ವಾರ ತಂಪಿನಲ್ಲಿಡಬಹುದು. ಪ್ಲೇಟ್‌ಲೆಟ್‌ಗಳ ಆಯುಸ್ಸು ಐದೇ ದಿನ. ಆದುದರಿಂದ ಸಂಘದ ವಾರ್ಷಿಕೋತ್ಸವದ ದಿನ ಇನ್ನೂರು ಬಾಟಲಿ ರಕ್ತ ಕೊಟ್ಟು ಛಾಯಾಚಿತ್ರ ತೆಗೆಸಿಕೊಂಡರೆ ಸಾಲದು; ಆರನೆಯ ದಿನ ರಕ್ತ ಸುರಿಸುವ ಮಗುವಿಗೆ ಅಂದಿನ ಪ್ಲೇಟ್‌ಲೆಟ್‌ನಿಂದ ಪ್ರಯೋಜನವಿಲ್ಲ. ವರ್ಷದುದ್ದಕ್ಕೂ ವಾರಕ್ಕೆ ನಾಲ್ಕು ಮಂದಿಯಂತೆ ಸರದಿಯ ಮೇಲೆ ಹೋಗುವ ಪಟ್ಟಿ ತಯಾರಾದರೆ ಅದು ಹತ್ತು ಶಿಬಿರಗಳಿಗೆ ಸಮ. 18ರಿಂದ 65 ವರ್ಷದೊಳಗಿನ, 45 ಕಿಲೋಗ್ರಾಮಿಗೆ ಕಡಿಮೆಯಿಲ್ಲದ ತೂಕದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ.

ಮೂರನೆಯದು ತಿಳಿವಳಿಕೆ. ಊರಿನಿಂದ ಕರೆ ಬಂದರೆ 'ಕೂಡಲೇ ಮುಂಬಯಿಗೆ ಬನ್ನಿ' ಎನ್ನುವ ಮುಂಚೆ ಯೋಚಿಸಬೇಕು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಇದೆ; ಕಲಬುರಗಿಯಲ್ಲಿ ಅದರ ಶಾಖೆಯಿದೆ. ಮೂರು ವರ್ಷ ನಡೆಯುವ ಚಿಕಿತ್ಸೆ ಮನೆಗೆ ಹತ್ತಿರವಿದ್ದಷ್ಟೂ ಪೂರ್ಣಗೊಳ್ಳುವ ಸಂಭವ ಹೆಚ್ಚು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಆಸ್ಪತ್ರೆಯ ಖರ್ಚಿಗೆ ನೆರವುಂಟು. ಕಾರ್ಡು ಇದ್ದೂ ಊರಿನಲ್ಲಿ ಬಿಟ್ಟು ಬರುವವರೆಷ್ಟೋ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲ್ವೆಯಲ್ಲಿ ಸ್ಲೀಪರ್ ಮತ್ತು ಹವಾನಿಯಂತ್ರಿತ ಮೂರು ಹಂತದ ಬೋಗಿಗಳಲ್ಲಿ ಪ್ರಯಾಣದರ ಪೂರ್ತಿ ಮಾಫಿ; ಜೊತೆಗಾರನೊಬ್ಬನಿಗೆ ಶೇಕಡಾ 75 ರಿಯಾಯಿತಿ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆದರಾಯಿತು. ಇವೆಲ್ಲಕ್ಕೂ ಆಸ್ಪತ್ರೆಯ ಸಮಾಜಕಾರ್ಯ ವಿಭಾಗವನ್ನು ಮೊದಲ ದಿನವೇ ಕಾಣಬೇಕೆಂದು ಹೇಳಿಕೊಡುವುದೂ ಒಂದು ದಾನವೇ.

ನಾಲ್ಕನೆಯದು ನಡವಳಿಕೆ. ಚಿಕಿತ್ಸೆಯಲ್ಲಿರುವ ಮಗುವನ್ನು ನೋಡಲು ಗುಂಪುಗೂಡಿ ಹೋಗಬೇಡಿ, ನೆಗಡಿಯಿದ್ದರೆ ಹೋಗಲೇಬೇಡಿ. ಕತ್ತರಿಸಿಟ್ಟ ಹಣ್ಣು, ಅಂಗಡಿಯ ತಿಂಡಿ ಒಯ್ಯಬೇಡಿ. ಆಗತಾನೆ ಮಾಡಿದ ಬಿಸಿ ಅನ್ನ-ಸಾರನ್ನು ಮುಚ್ಚಿ ಒಯ್ಯಿರಿ. ಆ ಮಗುವಿಗೆ ಜ್ವರ ಬಂದರೆ ಬೆಳಗಿನ ತನಕ ಕಾಯಬಾರದೆಂದು, ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕೆಂದು ಪೋಷಕರಿಗೆ ನೆನಪಿಸಿರಿ. ತಾಯಿಯ ಎದುರು 'ಪಾಪ' ಎನ್ನಬೇಡಿ. ಗುಣವಾಗಿ ಮರಳಿದ ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲು, ಮುಂದೆ ಅದರ ಮದುವೆಯ ಮಾತು ಬಂದಾಗ ಸಂಬಂಧ ಬೆಳೆಸಲು, ಹಿಂಜರಿಯಬೇಡಿ.

ಕೊನೆಯ ಮಾತು

ಪ್ರತಿವರ್ಷ ಫೆಬ್ರವರಿ 15ನ್ನು ಅಂತಾರಾಷ್ಟ್ರೀಯ ಮಕ್ಕಳ ಕ್ಯಾನ್ಸರ್ ದಿನವೆಂದು ಆಚರಿಸುತ್ತಾರೆ. ಹೊನ್ನಿನ ಬಣ್ಣದ ರಿಬ್ಬನ್ ಅದರ ಲಾಂಛನ. ಆ ದಿನ ಸಭೆ ನಡೆಸುವುದು ಒಳ್ಳೆಯದೇ. ಅದಕ್ಕಿಂತ ಹೆಚ್ಚಾಗಿ, ಈ ಸಂಚಿಕೆಯನ್ನು ಓದಿದ ಸದಸ್ಯರು ತಮ್ಮ ಹೆಸರು, ರಕ್ತದ ಗುಂಪು, ವಾರದಲ್ಲಿ ಬಿಡುವಿರುವ ವೇಳೆ ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ಮುಟ್ಟಿಸಬೇಕೆಂದು ನನ್ನ ಪ್ರಾರ್ಥನೆ. ಮಾತನಾಡಬಲ್ಲ ಕನ್ನಡ ಯಾವ ಸೀಮೆಯದೆಂಬುದನ್ನೂ ಬರೆಯಿರಿ. ಮಂಗಳೂರು ಕಡೆಯ ನನ್ನ ಗ್ರಂಥಸ್ಥ ಕನ್ನಡ ಸಿಂದಗಿಯವರಿಗೆ ಕೆಲವೊಮ್ಮೆ ಹಿಂದಿಯಷ್ಟೇ ದೂರ. ಅಲ್ಲಿ ಬೇಕಾದುದು ವಿಜಯಪುರದವರ, ಬೀದರಿನವರ, ಬೆಳಗಾವಿಯವರ ಮಾತು.

ಆ ತಂದೆ ಮಗನನ್ನು ಕಳೆದುಕೊಂಡು ಊರಿಗೆ ಹೊರಟ ದಿನ ನಾನು ದಾದರ್ ನಿಲ್ದಾಣಕ್ಕೆ ಹೋಗಿದ್ದೆ. ಗಾಡಿ ಬರುವ ಮುನ್ನ ಆತ ಕೇಳಿದ: "ಸಾಹೇಬ್ರ, ನೀವು ಮೊದಲ ಸಿಕ್ಕಿದ್ರ ಹುಡುಗ ಉಳೀತಿದ್ನೇನ್ರಿ?" ಉಳಿಯುತ್ತಿದ್ದನೆಂದು ಖಚಿತವಾಗಿ ಹೇಳುವುದು ಯಾವ ವೈದ್ಯನಿಗೂ ಸಾಧ್ಯವಿರಲಿಲ್ಲ. ಉಳಿಯುವ ಸಂಭವ ಹೆಚ್ಚಿತ್ತೆಂದು ನನಗೆ ಗೊತ್ತಿತ್ತು. ನಾನು ಸುಮ್ಮನಿದ್ದೆ. ಆ ಪ್ರಶ್ನೆಯನ್ನು ಕೇಳುವ ಮತ್ತೊಬ್ಬ ತಂದೆ ನಮ್ಮ ಸಂಘದ ಯಾವ ಸದಸ್ಯರಿಗೂ ಎದುರಾಗದಿರಲಿ.